ವಿಡಿಯೊ ಫೈಲನ್ನು ಡಿವಿಡಿಗೆ ಇಳಿಸುವಾಗ ಚಿತ್ರ ಕೆಡದಂತೆ ನೋಡಿಕೊಳ್ಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮದುವೆಯ ವಿಡಿಯೊ ಕಂಪ್ಯೂಟರಿನಲ್ಲಿ ಕನ್ನಡಿಯಂತೆ ಕಾಣುತ್ತದೆ. ಅದನ್ನೇ ಡಿವಿಡಿ ಮಾಡಿ ಊರಿನಲ್ಲಿರುವ ಅಜ್ಜಿಯ ಟಿವಿಯಲ್ಲಿ ಹಾಕಿದರೆ ಮುಖಗಳು ಕಲಸಿಹೋಗಿರುತ್ತವೆ, ಕೈ ಆಡಿಸಿದ ಕಡೆಯೆಲ್ಲ ಚೌಕ ಚೌಕವಾಗಿ ಒಡೆದಿರುತ್ತದೆ. ಈ ದೂರು ಹೇಳುವವರಲ್ಲಿ ಹೆಚ್ಚಿನವರು ತಂತ್ರಾಂಶವನ್ನು ಬೈಯುತ್ತಾರೆ. ಆದರೆ ನಾನು ನೋಡಿದ ಮಟ್ಟಿಗೆ ತಪ್ಪು ನಡೆದಿರುವುದು ತಂತ್ರಾಂಶದ ಆಯ್ಕೆಯಲ್ಲಲ್ಲ, ಕೆಲಸದ ಅನುಕ್ರಮದಲ್ಲಿ: ಮೊದಲು ತೀರ್ಮಾನಿಸಬೇಕಾದದ್ದನ್ನು ಕೊನೆಗೆ ಬಿಟ್ಟಿರುತ್ತಾರೆ, ಒಮ್ಮೆ ಮಾತ್ರ ಮಾಡಬೇಕಾದ ಪರಿವರ್ತನೆಯನ್ನು ಮೂರು ಸಲ ಮಾಡಿರುತ್ತಾರೆ.

ಡಿವಿಡಿಯ ಮಿತಿಯನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ ಚಿತ್ರ 720 × 576 ಪಿಕ್ಸೆಲ್‌ಗಳದ್ದು. 1920 × 1080ರ ಫುಲ್ ಎಚ್‌ಡಿ ಚಿತ್ರದಲ್ಲಿ ಸರಿಯಾಗಿ ಇದರ ಐದು ಪಟ್ಟು, 4ಕೆ ಚಿತ್ರದಲ್ಲಿ ಇಪ್ಪತ್ತು ಪಟ್ಟು ಪಿಕ್ಸೆಲ್‌ಗಳಿರುತ್ತವೆ. ಅಷ್ಟು ವಿವರ ಹೋಗಿಯೇ ಹೋಗುತ್ತದೆ. ಅದರಾಚೆಗೆ, ಹೋಗಬೇಕಾಗಿಲ್ಲದಿದ್ದರೂ ಹೋಗುವ ಗುಣಮಟ್ಟವನ್ನು ಉಳಿಸಿಕೊಳ್ಳುವುದಷ್ಟೇ ಇಲ್ಲಿನ ಉದ್ದೇಶ.

## ಬೇಕಾಗುವ ಸಾಧನಗಳು

ಎಲ್ಲವೂ ಉಚಿತವಾಗಿ ಸಿಗುವ ತಂತ್ರಾಂಶಗಳೇ. ಮೂಲ ಫೈಲನ್ನು ಪರೀಕ್ಷಿಸಲು ಮೀಡಿಯಾಇನ್ಫೋ, ಪರಿವರ್ತನೆಗೆ ಎಫ್‌ಎಫ್‌ಎಂಪೆಗ್, ಅಥವಾ ಆಜ್ಞೆಗಳನ್ನು ಬರೆಯಲು ಇಷ್ಟವಿಲ್ಲದವರಿಗೆ ಅವಿಡೆಮಕ್ಸ್, ಮೆನು ಮತ್ತು ಅಧ್ಯಾಯಗಳನ್ನು ಜೋಡಿಸಲು ಡಿವಿಡಿ ಸ್ಟೈಲರ್, ಡಿಸ್ಕ್ ರೈಟ್ ಮಾಡಲು ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್, ಲಿನಕ್ಸ್‌ನಲ್ಲಿ ಕೆ3ಬಿ, ನೋಡಲು ವಿಎಲ್‌ಸಿ. ಹ್ಯಾಂಡ್‌ಬ್ರೇಕ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಡಿವಿಡಿಯಿಂದ ಫೈಲ್ ಮಾಡುತ್ತದೆಯೇ ಹೊರತು ಫೈಲಿನಿಂದ ಡಿವಿಡಿ ಮಾಡುವುದಿಲ್ಲ.

ಇವುಗಳ ಜೊತೆಗೆ ಒಂದು ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕನ್ನು ಕೊಂಡಿಟ್ಟುಕೊಳ್ಳಿ. ಅಳಿಸಿ ಮತ್ತೆ ಬರೆಯಬಹುದಾದ ಈ ಡಿಸ್ಕಿನಲ್ಲಿ ಪರೀಕ್ಷೆ ಮಾಡಿದರೆ ಖಾಲಿ ಡಿಸ್ಕುಗಳು ಹಾಳಾಗುವುದಿಲ್ಲ.

## ಹಂತ 1: ನಿಜವಾದ ಮೂಲವನ್ನು ಹುಡುಕಿ

ನಿಮ್ಮ ಕೈಯಲ್ಲಿರುವ ಫೈಲ್ ಮೂಲವೋ, ಮೂಲದ ನಕಲಿನ ನಕಲೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಬಂದ ಫೈಲನ್ನು ಅದು ಈಗಾಗಲೇ ಹಿಂಡಿರುತ್ತದೆ. ಕಳುಹಿಸಿದವರಿಗೆ ಹೇಳಿ ಅದನ್ನೇ ಡಾಕ್ಯುಮೆಂಟ್ ಆಗಿ ಮತ್ತೆ ಕಳುಹಿಸಲು, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಲು ಕೇಳಿ. ಸ್ಟುಡಿಯೋದವರು ಮದುವೆಯ ಡಿವಿಡಿಯನ್ನೇ ಎಂಪಿ4 ಮಾಡಿ ಕೊಟ್ಟಿದ್ದರೆ ಅದನ್ನು ತಿರುಗಿ ಡಿವಿಡಿ ಮಾಡುವುದಕ್ಕಿಂತ ಹಳೆಯ ಡಿವಿಡಿಯನ್ನೇ ನಕಲು ಮಾಡುವುದು ಮೇಲು.

ಎಡಿಟ್ ಮಾಡಬೇಕಾಗಿದ್ದರೆ ಈ ಹಂತದಲ್ಲಿಯೇ ಮುಗಿಸಿ, ಎಡಿಟರಿನಿಂದ ಹೊರತೆಗೆಯುವಾಗ ಅತಿ ಹೆಚ್ಚಿನ ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಸಿಗುವ ಜಾಗ, ಹಂತ 4 ನೋಡಿ) ಕೊಡಿ. ಮಧ್ಯಂತರ ಫೈಲ್ ಎಷ್ಟು ದೊಡ್ಡದಾದರೂ ಚಿಂತೆಯಿಲ್ಲ, ಆಮೇಲೆ ಅಳಿಸಬಹುದು. ಎಂಪಿ4 ಅನ್ನು ಎವಿಐ ಮಾಡಿ, ಎವಿಐ ಅನ್ನು ಎಂಪೆಗ್ ಮಾಡಿ, ಅದನ್ನು ಡಿವಿಡಿ ತಂತ್ರಾಂಶಕ್ಕೆ ಕೊಡುವ ಪದ್ಧತಿ ಇನ್ನೂ ಚಾಲ್ತಿಯಲ್ಲಿದೆ. ಪ್ರತಿ ಸಲವೂ ಚಿತ್ರವನ್ನು ಹಿಂಡಿದಂತಾಗುತ್ತದೆ. ಹಿಂಡಿದ ಕಬ್ಬಿನಲ್ಲಿ ಮತ್ತೆ ರಸ ಬರುವುದಿಲ್ಲ.

## ಹಂತ 2: ಫೈಲಿನ ಜಾತಕ ಓದಿ

ಮೀಡಿಯಾಇನ್ಫೋದಲ್ಲಿ ಫೈಲನ್ನು ತೆರೆದು ಈ ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಒಟ್ಟು ಅವಧಿ, ಅಗಲ ಮತ್ತು ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ), ಆ ಫ್ರೇಮ್‌ರೇಟ್ ಸ್ಥಿರವೋ ಚಂಚಲವೋ, ಚಿತ್ರ ಪ್ರೊಗ್ರೆಸಿವ್ (ಪ್ರತಿ ಫ್ರೇಮ್ ಇಡಿಯಾಗಿರುವ) ಬಗೆಯದೋ ಇಂಟರ್‌ಲೇಸ್ಡ್ (ಎರಡು ಅರ್ಧಗಳಾಗಿರುವ) ಬಗೆಯದೋ, ಮತ್ತು ಬಣ್ಣದ ಸಾಲಿನಲ್ಲಿ ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ) ಎಂಬ ಸೂಚನೆ ಇದೆಯೋ ಇಲ್ಲವೋ. ಮುಂದಿನ ಪ್ರತಿಯೊಂದು ತೀರ್ಮಾನವೂ ಈ ಚೀಟಿಯನ್ನು ಅವಲಂಬಿಸಿದೆ, ಆದ್ದರಿಂದ ಅಂದಾಜಿನ ಮೇಲೆ ಮುಂದುವರಿಯಬೇಡಿ.

ಮೊಬೈಲಿನಲ್ಲಿ ತೆಗೆದ ವಿಡಿಯೊಗಳಲ್ಲಿ ಫ್ರೇಮ್‌ರೇಟ್ ಸಾಮಾನ್ಯವಾಗಿ ಚಂಚಲವಾಗಿರುತ್ತದೆ: ಬೆಳಕು ಕಡಿಮೆಯಾದಾಗ ಫೋನು ತಾನಾಗಿ ನಿಧಾನವಾಗುತ್ತದೆ. ಇಂಥ ಫೈಲನ್ನು ಹಾಗೆಯೇ ಪರಿವರ್ತಿಸಿದರೆ ಆರಂಭದಲ್ಲಿ ಸರಿಯಾಗಿದ್ದ ಮಾತು ಅರ್ಧ ಗಂಟೆಯ ನಂತರ ತುಟಿಯ ಚಲನೆಗೆ ಹೊಂದುವುದಿಲ್ಲ. ಪರಿವರ್ತನೆಯಲ್ಲಿ ಸ್ಥಿರ ಫ್ರೇಮ್‌ರೇಟ್ ಇರುವಂತೆ ಸ್ಪಷ್ಟವಾಗಿ ಸೂಚಿಸಬೇಕು.

## ಹಂತ 3: ಪಾಲ್ ಅಥವಾ ಎನ್‌ಟಿಎಸ್‌ಸಿ ಎಂದು ತೀರ್ಮಾನಿಸಿ

ಭಾರತದ್ದು ಪಾಲ್ ಪದ್ಧತಿ, ಆದ್ದರಿಂದ ಕಣ್ಣು ಮುಚ್ಚಿ ಪಾಲ್ ಆರಿಸುವುದು ರೂಢಿ. ಕ್ಯಾಮರಾ ಸೆಕೆಂಡಿಗೆ 25 ಅಥವಾ 50 ಫ್ರೇಮ್‌ಗಳಲ್ಲಿ ಚಿತ್ರೀಕರಿಸಿದ್ದರೆ ಅದು ಸರಿಯಾದ ಆಯ್ಕೆಯೇ. ಆದರೆ ಮೊಬೈಲುಗಳು ಬಹುತೇಕ 30 ಫ್ರೇಮ್‌ಗಳಲ್ಲಿ ಚಿತ್ರೀಕರಿಸುತ್ತವೆ. ಅದನ್ನು 25ಕ್ಕೆ ಇಳಿಸಿದಾಗ ಪ್ರತಿ ಆರನೆಯ ಫ್ರೇಮ್ ಬಿದ್ದುಹೋಗುತ್ತದೆ. ತೇರು ಸಾಗುವುದನ್ನು ಕ್ಯಾಮರಾ ಹಿಂಬಾಲಿಸುವಂಥ ದೃಶ್ಯಗಳಲ್ಲಿ ಇದು ಎತ್ತಿನ ಗಾಡಿಯ ಕುಲುಕಾಟದಂತೆ ಎದ್ದು ಕಾಣುತ್ತದೆ. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಡಿವಿಡಿಯ ವೇಗ ಸೆಕೆಂಡಿಗೆ 29.97 ಫ್ರೇಮ್ ಆಗಿರುವುದರಿಂದ ಇಂಥ ವಿಡಿಯೊಗಳಿಗೆ ಅದೇ ಹೊಂದುತ್ತದೆ. ಅದರ ಎತ್ತರ 576ರ ಬದಲು 480 ಗೆರೆ ಮಾತ್ರ ಎಂಬುದು ನಿಜ, ಆದರೂ ಚಲನೆ ಹೆಚ್ಚಿರುವ ವಿಡಿಯೊದಲ್ಲಿ ನಾನು ನಯವಾದ ಚಲನೆಯನ್ನೇ ಆರಿಸಿಕೊಳ್ಳುತ್ತೇನೆ.

ನಮ್ಮಲ್ಲಿ ಮಾರಾಟವಾದ ಡಿವಿಡಿ ಪ್ಲೇಯರುಗಳಲ್ಲಿ ಹೆಚ್ಚಿನವು ಎರಡೂ ಪದ್ಧತಿಗಳನ್ನು ಓದುತ್ತವೆ, ಎಲ್‌ಇಡಿ ಟಿವಿಗಳೂ ತಕರಾರು ಮಾಡುವುದಿಲ್ಲ. ಡಿಸ್ಕ್ ಹೋಗುವ ಮನೆಯಲ್ಲಿ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇದ್ದರೆ ಮಾತ್ರ ಎಚ್ಚರ: ಕೆಲವು ಅಂಥ ಟಿವಿಗಳಲ್ಲಿ ಎನ್‌ಟಿಎಸ್‌ಸಿ ಚಿತ್ರ ಕಪ್ಪು-ಬಿಳುಪಾಗುತ್ತದೆ ಅಥವಾ ಉರುಳುತ್ತದೆ. ಅಮೆರಿಕದಲ್ಲಿರುವ ಮಗಳ ಮನೆಗೆ ಕಳುಹಿಸುವ ಡಿಸ್ಕ್ ಆದರೆ ಯೋಚನೆಯೇ ಬೇಡ, ಅಲ್ಲಿಯದು ಎನ್‌ಟಿಎಸ್‌ಸಿ.

ಸಿನಿಮಾ ಶೈಲಿಯಲ್ಲಿ 24 ಫ್ರೇಮ್‌ಗಳಲ್ಲಿ ತೆಗೆದ ಕಿರುಚಿತ್ರವನ್ನು ಪಾಲ್‌ಗೆ ತರುವಾಗ ಹೊಸ ಫ್ರೇಮ್ ಸೇರಿಸಬೇಡಿ. ಇಡೀ ಚಿತ್ರವನ್ನು ಸುಮಾರು ಶೇ 4ರಷ್ಟು ವೇಗವಾಗಿ 25ರಲ್ಲಿ ಓಡಿಸಿ, ಧ್ವನಿಯನ್ನೂ ಅಷ್ಟೇ ವೇಗಗೊಳಿಸಿ. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

## ಹಂತ 4: ಬಿಟ್‌ರೇಟಿನ ಲೆಕ್ಕ ಹಾಕಿ

ಚಿತ್ರ ಕೆಡುವುದೂ ಉಳಿಯುವುದೂ ಹೆಚ್ಚಾಗಿ ಇಲ್ಲಿಯೇ ನಿರ್ಧಾರವಾಗುವುದರಿಂದ ಈ ಹಂತಕ್ಕೆ ಸಮಯ ಕೊಡಿ. ಬಿಟ್‌ರೇಟ್ ಎಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಸಿಗುವ ಜಾಗದ ಪಾಲು. ಸಾಮಾನ್ಯ ಒಂದು ಪದರದ ಡಿವಿಡಿಯ ಸಾಮರ್ಥ್ಯ 4.7 ಜಿಬಿ ಎಂದು ಕವರಿನ ಮೇಲೆ ಬರೆದಿರುತ್ತದೆ. ಅದು 470 ಕೋಟಿ ಬೈಟ್‌ಗಳ ಲೆಕ್ಕ. ವಿಂಡೋಸ್ ಅದನ್ನೇ ತನ್ನ ಲೆಕ್ಕದಲ್ಲಿ 4.38 ಜಿಬಿ ಎಂದು ತೋರಿಸುತ್ತದೆ. 4.6 ಜಿಬಿಯ ಫೈಲ್ ಮಾಡಿಟ್ಟುಕೊಂಡು ಡಿಸ್ಕಿಗೆ ಹಿಡಿಸುತ್ತಿಲ್ಲವೆಂದು ಪರದಾಡುವವರೆಲ್ಲ ಈ ಎರಡು ಲೆಕ್ಕಗಳ ನಡುವೆ ಸಿಕ್ಕಿಕೊಂಡವರು.

470 ಕೋಟಿ ಬೈಟ್ ಎಂದರೆ 37,600 ಮೆಗಾಬಿಟ್. ಮೆನು ಮತ್ತು ಜೋಡಣೆಯ ಖರ್ಚಿಗೆ ಸ್ವಲ್ಪ ಬಿಟ್ಟು 36,000 ಎಂದಿಟ್ಟುಕೊಂಡರೆ ಲೆಕ್ಕ ಸುಲಭ: 36,000ವನ್ನು ವಿಡಿಯೊದ ಒಟ್ಟು ಸೆಕೆಂಡುಗಳಿಂದ ಭಾಗಿಸಿ, ಬಂದ ಉತ್ತರದಿಂದ ಧ್ವನಿಯ ಪಾಲನ್ನು ಕಳೆಯಿರಿ. ಧ್ವನಿ ಸೇರಿದಂತೆ ಸೆಕೆಂಡಿಗೆ ಸಿಗುವ ಮೆಗಾಬಿಟ್‌ಗಳು ಹೀಗಿವೆ:

- 90 ನಿಮಿಷಕ್ಕೆ 6.6
- 120 ನಿಮಿಷಕ್ಕೆ 5
- 150 ನಿಮಿಷಕ್ಕೆ 4
- 180 ನಿಮಿಷಕ್ಕೆ 3.3

ಒಂದು ಗಂಟೆಯ ವಿಡಿಯೊಗೆ ಉತ್ತರ 10 ಬರುತ್ತದೆ, ಆದರೆ ಅಷ್ಟನ್ನು ಕೊಡಬಾರದು. ಡಿವಿಡಿಯ ನಿಯಮದಂತೆ ಚಿತ್ರದ ಗರಿಷ್ಠ ಬಿಟ್‌ರೇಟ್ 9.8 ಮೆಗಾಬಿಟ್, ಎಲ್ಲ ಸೇರಿ 10.08. ಮನೆಯಲ್ಲಿ ರೈಟ್ ಮಾಡಿದ ಡಿಸ್ಕುಗಳನ್ನು ಓದುವಾಗ ಹಳೆಯ ಪ್ಲೇಯರುಗಳು ಈ ಮಿತಿಯ ಹತ್ತಿರ ಏದುಸಿರು ಬಿಡುತ್ತವೆ, ಆದ್ದರಿಂದ ಗರಿಷ್ಠವನ್ನು 8ಕ್ಕೆ ನಿಲ್ಲಿಸಿ.

ಧ್ವನಿಗೆ ಪಿಸಿಎಂ, ಅಂದರೆ ಹಿಂಡದ ಮಾದರಿಯನ್ನು, ಆರಿಸುವುದು ಸಾಮಾನ್ಯ ತಪ್ಪು. ಅದು ಸೆಕೆಂಡಿಗೆ 1.5 ಮೆಗಾಬಿಟ್ ನುಂಗುತ್ತದೆ. ಎಸಿ-3 ಎಂಬ ಹಿಂಡಿದ ಮಾದರಿಯ ಸ್ಟೀರಿಯೊ ಧ್ವನಿಗೆ 0.192 ಸಾಕು. ಎರಡು ಗಂಟೆಯ ಡಿಸ್ಕಿನಲ್ಲಿ ಈ ಒಂದು ಆಯ್ಕೆಯಿಂದ ಚಿತ್ರಕ್ಕೆ ಸಿಗುವ ಪಾಲು 3.5ರಿಂದ 4.8ಕ್ಕೆ ಏರುತ್ತದೆ. ಸಂಗೀತ ಕಛೇರಿಯ ದಾಖಲೆಯಾದರೆ ಮಾತ್ರ ಪಿಸಿಎಂ ಬಗ್ಗೆ ಯೋಚಿಸಬಹುದು, ಅಲ್ಲಿ ಚಿತ್ರದಲ್ಲಿ ಚಲನೆಯೂ ಕಡಿಮೆ.

ಎರಡು ಗಂಟೆಗಿಂತ ಉದ್ದದ ವಿಡಿಯೊವನ್ನು ಎರಡು ಡಿಸ್ಕಿಗೆ ಹಂಚಿ ಎಂಬುದು ನನ್ನ ಸಲಹೆ. ಎರಡು ಪದರದ 8.5 ಜಿಬಿ ಡಿಸ್ಕುಗಳೂ ಇವೆ, ಆದರೆ ಅವು ದುಬಾರಿ, ಹಳೆಯ ಪ್ಲೇಯರುಗಳು ಅವನ್ನು ಓದಲು ಮುನಿಸಿಕೊಳ್ಳುವುದೂ ಉಂಟು. ನಾನೇ ಒಮ್ಮೆ ಇಡೀ ರಾತ್ರಿಯ ಯಕ್ಷಗಾನವನ್ನು, ಸುಮಾರು ಎಂಟು ಗಂಟೆಯದನ್ನು, ಜಿಪುಣತನದಿಂದ ಒಂದೇ ಡಿಸ್ಕಿಗೆ ತುಂಬಿಸಿದ್ದೆ. ಸೆಕೆಂಡಿಗೆ 1.25 ಮೆಗಾಬಿಟ್ ಸಿಕ್ಕಿತ್ತು; ವೇಷಧಾರಿ ಗಿರಕಿ ಹೊಡೆದಾಗಲೆಲ್ಲ ಕಿರೀಟ ಯಾವುದು, ಹಿಂದಿನ ಪರದೆ ಯಾವುದು ಎಂದು ತಿಳಿಯದಂತಾಯಿತು. ಅಂಥ ದಾಖಲೆಗೆ ಕನಿಷ್ಠ ನಾಲ್ಕು ಡಿಸ್ಕ್ ಬೇಕು. ಜಾಗ ಇಲ್ಲವೇ ಇಲ್ಲವೆಂದಾದರೆ, ಚಿತ್ರ 4:3 ಆಕಾರದ್ದಾಗಿದ್ದಲ್ಲಿ, 352 × 576 ಎಂಬ ಅರ್ಧ ಅಗಲದ ಗಾತ್ರವನ್ನು ಬಳಸಬಹುದು. ಅದನ್ನೂ ಡಿವಿಡಿ ನಿಯಮ ಒಪ್ಪುತ್ತದೆ. ಚಿತ್ರ ತುಸು ಮೃದುವಾಗುತ್ತದೆ, ಆದರೆ ಚೌಕಗಳಾಗಿ ಒಡೆಯುವುದು ಬಹಳ ಕಡಿಮೆಯಾಗುತ್ತದೆ.

## ಹಂತ 5: ಚಿತ್ರದ ಆಕಾರವನ್ನು ಹೊಂದಿಸಿ

ಡಿವಿಡಿಯ ಪಿಕ್ಸೆಲ್‌ಗಳು ಚೌಕವಲ್ಲ. 720 × 576ರ ಅದೇ ಚೌಕಟ್ಟನ್ನು, ಫೈಲಿನೊಳಗಿನ ಒಂದು ಸೂಚನೆಯನ್ನು ನೋಡಿಕೊಂಡು, ಪ್ಲೇಯರು 4:3 ಆಗಿ ಅಥವಾ 16:9 ಆಗಿ ಹಿಗ್ಗಿಸಿ ತೋರಿಸುತ್ತದೆ. ಅಗಲದ ವಿಡಿಯೊವನ್ನು ನೇರವಾಗಿ 720 × 576ಕ್ಕೆ (ಎನ್‌ಟಿಎಸ್‌ಸಿ ಆದರೆ 720 × 480ಕ್ಕೆ) ಕುಗ್ಗಿಸಿ, 16:9 ಎಂಬ ಸೂಚನೆ ಕೊಡಬೇಕು. ಕಂಪ್ಯೂಟರಿನಲ್ಲಿ ಆ ಚಿತ್ರ ಉದ್ದುದ್ದವಾಗಿ ಕಂಡರೆ ಸೂಚನೆ ತಪ್ಪಿದೆ ಎಂದರ್ಥ.

ಇದನ್ನು ತಿಳಿಯದವರು ಅಗಲದ ಚಿತ್ರವನ್ನು 4:3 ಚೌಕಟ್ಟಿನೊಳಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಕೂರಿಸುತ್ತಾರೆ. ಆಗ 576 ಗೆರೆಗಳಲ್ಲಿ 432 ಮಾತ್ರ ಚಿತ್ರಕ್ಕೆ ಸಿಗುತ್ತವೆ, ಕಾಲು ಭಾಗ ಕಪ್ಪು ಬಣ್ಣವನ್ನು ತೋರಿಸಲು ವ್ಯರ್ಥವಾಗುತ್ತದೆ.

ಫೋನನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊಗಳ ಕತೆ ಇದಕ್ಕೆ ತಿರುಗುಮುರುಗು. 16:9 ಚೌಕಟ್ಟಿನಲ್ಲಿ ಅಂಥ ಚಿತ್ರಕ್ಕೆ ಅಡ್ಡಲಾಗಿ ಸಿಗುವುದು ಸುಮಾರು 228 ಪಿಕ್ಸೆಲ್, 4:3ರಲ್ಲಿ 304. ಹಾಗಾಗಿ ಬರೀ ನೆಟ್ಟಗಿನ ವಿಡಿಯೊಗಳ ಡಿಸ್ಕ್ ಆಗಿದ್ದರೆ 4:3 ಆರಿಸುವುದೇ ಲಾಭ.

## ಹಂತ 6: ಇಂಟರ್‌ಲೇಸ್ ಚಿತ್ರವನ್ನು ಜೋಪಾನವಾಗಿ ನಡೆಸಿ

ಟೇಪಿನ ಕ್ಯಾಮರಾಗಳೂ ಅನೇಕ ಹ್ಯಾಂಡಿಕ್ಯಾಮ್‌ಗಳೂ ಪ್ರತಿ ಫ್ರೇಮನ್ನು ಎರಡು ಅರ್ಧಗಳಾಗಿ ದಾಖಲಿಸುತ್ತವೆ: ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಈ ಅರ್ಧಗಳಿಗೆ ಫೀಲ್ಡ್ ಎಂದು ಹೆಸರು. ಎರಡೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅಂತರದಲ್ಲಿ ಹಿಡಿದ ಬೇರೆ ಬೇರೆ ಕ್ಷಣಗಳು. ಕಂಪ್ಯೂಟರಿನಲ್ಲಿ ನೋಡಿದಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುವುದು ಇದರಿಂದಲೇ. ಅದನ್ನು ದೋಷವೆಂದು ತಿಳಿದು ಡಿಇಂಟರ್‌ಲೇಸ್ ಮಾಡಿಬಿಟ್ಟರೆ, ಅಂದರೆ ಎರಡು ಅರ್ಧಗಳಿಂದ ಒಂದೇ ಇಡೀ ಫ್ರೇಮ್ ಮಾಡಿಬಿಟ್ಟರೆ, ಅರ್ಧದಷ್ಟು ಚಲನೆಯನ್ನು ಎಸೆದಂತೆ. ಡಿವಿಡಿ ಇಂಟರ್‌ಲೇಸ್ ಚಿತ್ರವನ್ನು ಹಾಗೆಯೇ ಇಟ್ಟುಕೊಳ್ಳಬಲ್ಲದು, ಇಟ್ಟುಕೊಳ್ಳಲಿ.

ಮೂಲವೂ 720 × 576 ಆಗಿದ್ದರೆ, ಉದಾಹರಣೆಗೆ ಮಿನಿಡಿವಿ ಟೇಪಿನಿಂದ ಇಳಿಸಿದ್ದಾದರೆ, ಗಾತ್ರ ಬದಲಿಸದೆ ಇಂಟರ್‌ಲೇಸ್ಡ್ ಆಗಿಯೇ ಎನ್‌ಕೋಡ್ ಮಾಡಿ (ಡಿವಿಡಿಯ ರೂಪಕ್ಕೆ ಹಿಂಡಿ). ಯಾವ ಫೀಲ್ಡ್ ಮೊದಲು ಎಂಬುದನ್ನು ಮಾತ್ರ ಸರಿಯಾಗಿ ಹೇಳಬೇಕು: ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು, ಹೈ-ಡೆಫಿನಿಷನ್ ಹ್ಯಾಂಡಿಕ್ಯಾಮ್‌ಗಳಲ್ಲಿ ಮೇಲಿನದು ಮೊದಲು. ಇದು ಅದಲುಬದಲಾದರೆ ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಇಟ್ಟಂತೆ ಚಿತ್ರ ನಡುಗುತ್ತದೆ. ಕಂಪ್ಯೂಟರಿನಲ್ಲಿ ಈ ದೋಷ ಕಾಣದೆ ಟಿವಿಯಲ್ಲಿ ಮಾತ್ರ ಕಾಣುವುದುಂಟು.

1080 ಗೆರೆಗಳ ಇಂಟರ್‌ಲೇಸ್ ಚಿತ್ರವನ್ನು ಕುಗ್ಗಿಸುವುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ. ನೇರವಾಗಿ ಕುಗ್ಗಿಸಿದರೆ ಎರಡು ಕ್ಷಣಗಳ ಗೆರೆಗಳು ಒಂದರೊಳಗೊಂದು ಬೆರೆತು, ಆಮೇಲೆ ಏನು ಮಾಡಿದರೂ ಬೇರ್ಪಡುವುದಿಲ್ಲ. ಸರಿಯಾದ ಕ್ರಮ ಹೀಗೆ: ಮೊದಲು ಯಾಡಿಫ್ ಅಥವಾ ಬಿಡಬ್ಲ್ಯೂಡಿಫ್ ಫಿಲ್ಟರನ್ನು ದುಪ್ಪಟ್ಟು ವೇಗದ ಬಗೆಯಲ್ಲಿ ಬಳಸಿ ಪ್ರತಿ ಫೀಲ್ಡನ್ನೂ ಪೂರ್ಣ ಫ್ರೇಮ್ ಮಾಡಿ, ಅಂದರೆ ಸೆಕೆಂಡಿಗೆ 50 ಫ್ರೇಮ್ ಬರುವಂತೆ, ನಂತರ 720 × 576ಕ್ಕೆ ಕುಗ್ಗಿಸಿ, ಕೊನೆಗೆ ಎಫ್‌ಎಫ್‌ಎಂಪೆಗ್‌ನ ಇಂಟರ್‌ಲೇಸ್ ಫಿಲ್ಟರಿನಿಂದ ಮತ್ತೆ 25 ಫ್ರೇಮ್‌ಗಳಾಗಿ ಹೆಣೆಯಿರಿ. ಮೂರೂ ಒಂದೇ ಓಟದಲ್ಲಿ ಆಗಬೇಕು, ನಡುವೆ ಫೈಲ್ ಉಳಿಸಬಾರದು. ಹೆಣೆಯುವಾಗ ಆ ಫಿಲ್ಟರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ತುಸು ಮೃದುಗೊಳಿಸುತ್ತದೆ. ಅದನ್ನು ತಡೆಯಬೇಡಿ, ರೇಷ್ಮೆ ಸೀರೆಯ ಸಣ್ಣ ಜರಿಗೆರೆಗಳು ಟಿವಿಯಲ್ಲಿ ಮಿಣುಮಿಣು ಎನ್ನದಿರಲು ಅದೇ ಕಾರಣ.

ಮೂಲ ಪ್ರೊಗ್ರೆಸಿವ್ ಆಗಿದ್ದರೆ ಈ ಹಂತವನ್ನು ಪೂರ್ತಿಯಾಗಿ ಬಿಟ್ಟುಬಿಡಿ.

## ಹಂತ 7: ಬಣ್ಣವನ್ನು ಹೊಂದಿಸಿ

ಹೈ-ಡೆಫಿನಿಷನ್ ವಿಡಿಯೊ ಬಿಟಿ 709 ಎಂಬ ಬಣ್ಣದ ಲೆಕ್ಕವನ್ನೂ, ಡಿವಿಡಿ ಬಿಟಿ 601 ಎಂಬುದನ್ನೂ ಅನುಸರಿಸುತ್ತವೆ. ಲೆಕ್ಕ ಬದಲಿಸದೆ ಗಾತ್ರ ಮಾತ್ರ ಬದಲಿಸಿದರೆ ಕೆಂಪು ಮತ್ತು ಹಸಿರು ಸ್ವಲ್ಪ ವಾಲುತ್ತವೆ. ಎಫ್‌ಎಫ್‌ಎಂಪೆಗ್‌ನ ಸ್ಕೇಲ್ ಫಿಲ್ಟರಿನಲ್ಲಿ ಒಳಬರುವ ಮತ್ತು ಹೊರಹೋಗುವ ಮ್ಯಾಟ್ರಿಕ್ಸ್‌ಗಳನ್ನು ಹೆಸರಿಸಿದರೆ ಇದು ಸರಿಹೋಗುತ್ತದೆ.

ಹೆಚ್ಚು ಕಾಟ ಕೊಡುವುದು ಎಚ್‌ಡಿಆರ್. ಇತ್ತೀಚಿನ ಐಫೋನುಗಳಲ್ಲಿ ತೆಗೆದ ವಿಡಿಯೊ ಡಿವಿಡಿಯಲ್ಲಿ ಬೂದಿ ಬಳಿದಂತೆ ಕಂಡರೆ ಕಾರಣ ಅದೇ. ಟೋನ್‌ಮ್ಯಾಪ್ ಫಿಲ್ಟರಿನಿಂದ, ಇಲ್ಲವೇ ಡಾವಿಂಚಿ ರಿಸಾಲ್ವ್‌ನಂಥ ಎಡಿಟರಿನಲ್ಲಿ ಮೊದಲೇ ಸಾಮಾನ್ಯ ಬಣ್ಣಕ್ಕೆ ತಂದುಕೊಳ್ಳಿ. ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಏರಿಸಿ ಸರಿಮಾಡಲು ಹೋದರೆ ಮುಖಗಳು ಕೆಂಪಾಗುತ್ತವೆ, ಬಿಳಿ ಪಂಚೆಯ ಮಡಿಕೆಗಳು ಮಾಯವಾಗುತ್ತವೆ.

## ಹಂತ 8: ಅತಿ ಕಷ್ಟದ ಎರಡು ನಿಮಿಷವನ್ನು ಮೊದಲು ಎನ್‌ಕೋಡ್ ಮಾಡಿ

ಇಡೀ ವಿಡಿಯೊವನ್ನು ರಾತ್ರಿಯಿಡೀ ಓಡಿಸುವ ಮೊದಲು ಅದರಲ್ಲಿನ ಅತ್ಯಂತ ಕಠಿಣ ದೃಶ್ಯವನ್ನು ಕತ್ತರಿಸಿ ಪರೀಕ್ಷಿಸಿ. ಮದುವೆಯಲ್ಲಾದರೆ ಅದು ಮುಹೂರ್ತದ ಕ್ಷಣ: ನೂರಾರು ಅಕ್ಷತೆ ಕಾಳುಗಳು ಒಮ್ಮೆಗೇ ಗಾಳಿಯಲ್ಲಿ ಹಾರುತ್ತವೆ, ಫೋಟೊದವರ ಫ್ಲ್ಯಾಶ್‌ಗಳು ಮಿಂಚುತ್ತವೆ, ಹಿಂದೆ ಸಾಲುಬಲ್ಬುಗಳು ಹೊಳೆಯುತ್ತಿರುತ್ತವೆ. ಡಿವಿಡಿಯ ಚಿತ್ರವನ್ನು ಹಿಂಡಲು ಬಳಸುವ ಎಂಪೆಗ್-2 ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸುತ್ತಾ ಜಾಗ ಉಳಿಸುವ ವಿಧಾನವಾದ್ದರಿಂದ, ಊಹೆಗೆ ನಿಲುಕದ ಇಂಥ ದೃಶ್ಯಗಳಲ್ಲಿಯೇ ಸೋಲುತ್ತದೆ. ಅಕ್ಷತೆ ಬೀಳುವಾಗ ವಧೂವರರ ಮುಖ ಒಡೆಯದಿದ್ದರೆ ಉಳಿದ ಭಾಗದ ಬಗ್ಗೆ ಹೆದರಬೇಕಾಗಿಲ್ಲ.

ಎನ್‌ಕೋಡಿಂಗಿಗೆ ಎರಡು ಸುತ್ತಿನ ವಿಧಾನವನ್ನೇ ಆರಿಸಿ. ಮೊದಲ ಸುತ್ತಿನಲ್ಲಿ ತಂತ್ರಾಂಶ ಇಡೀ ವಿಡಿಯೊವನ್ನು ಓದಿ ಎಲ್ಲಿ ಕಷ್ಟವಿದೆ ಎಂದು ಗುರುತಿಸುತ್ತದೆ, ಎರಡನೆಯದರಲ್ಲಿ ಊಟದ ಪಂಕ್ತಿಯ ನಿಧಾನ ದೃಶ್ಯದಿಂದ ಉಳಿಸಿದ್ದನ್ನು ಮುಹೂರ್ತಕ್ಕೆ ಕೊಡುತ್ತದೆ. ಸರಾಸರಿ ಬಿಟ್‌ರೇಟಿಗೆ ಹಂತ 4ರಲ್ಲಿ ಬಂದ ಸಂಖ್ಯೆ, ಗರಿಷ್ಠಕ್ಕೆ 8 ಮೆಗಾಬಿಟ್. ಊಹೆಯಿಲ್ಲದೆ ಇಡಿಯಾಗಿ ದಾಖಲಾಗುವ ಫ್ರೇಮ್‌ಗಳ ನಡುವಿನ ಅಂತರ ಪಾಲ್‌ನಲ್ಲಿ 15, ಎನ್‌ಟಿಎಸ್‌ಸಿಯಲ್ಲಿ 18 ಫ್ರೇಮ್ ದಾಟಬಾರದು. ಒಂದು ಗಂಟೆಗಿಂತ ಚಿಕ್ಕ ವಿಡಿಯೊಗೆ ಒಂದೇ ಸುತ್ತು ಸಾಕು.

ಕತ್ತಲೆಯಲ್ಲಿ ತೆಗೆದ ವಿಡಿಯೊದಲ್ಲಿ ಇರುವೆ ಹರಿದಾಡಿದಂಥ ಚುಕ್ಕೆಗಳಿದ್ದರೆ, ಅವನ್ನು ಉಳಿಸಲೆಂದೇ ಬಿಟ್‌ಗಳು ಖರ್ಚಾಗುತ್ತವೆ. ಹಗುರವಾದ ನಾಯ್ಸ್ ಫಿಲ್ಟರನ್ನು ಒಮ್ಮೆ ಬಳಸಿ ನೋಡಿ. ಶಾರ್ಪನ್ ಮಾಡುವ ಆಸೆಗೆ ಮಾತ್ರ ಬೀಳಬೇಡಿ.

## ಹಂತ 9: ಮೆನು ಜೋಡಿಸಿ, ಮರು-ಎನ್‌ಕೋಡ್ ತಡೆಯಿರಿ

ಇಷ್ಟು ಶ್ರಮಪಟ್ಟು ಮಾಡಿದ ಎಂಪೆಗ್-2 ಫೈಲನ್ನು ಡಿವಿಡಿ ಸ್ಟೈಲರಿಗೆ ಹಾಕಿದಾಗ, ಅದರ ಗುಣಲಕ್ಷಣಗಳ ಕಿಟಕಿ ತೆರೆದು ಚಿತ್ರ ಮತ್ತು ಧ್ವನಿ ಎರಡಕ್ಕೂ ‘ಕಾಪಿ’ ಎಂಬ ಆಯ್ಕೆ ಇದೆಯೇ ನೋಡಿ. ಅಲ್ಲಿ ಬೇರೆ ಏನಾದರೂ ಇದ್ದರೆ ತಂತ್ರಾಂಶ ಅದನ್ನು ಮತ್ತೊಮ್ಮೆ ಹಿಂಡುತ್ತದೆ. ಎಚ್ಚರಿಕೆಯ ಗುರುತು ಸಮಯವೇ: ಬರೀ ಜೋಡಣೆ ಕೆಲವು ನಿಮಿಷಗಳಲ್ಲಿ ಮುಗಿಯಬೇಕು, ಗಂಟೆಗಟ್ಟಲೆ ಓಡುತ್ತಿದ್ದರೆ ನಿಲ್ಲಿಸಿ. ಮೆನುವಿನ ಅಕ್ಷರಗಳನ್ನು ಅಂಚಿನಿಂದ ಶೇ 10ರಷ್ಟು ಒಳಗಿಡಿ, ಹಳೆಯ ಟಿವಿಗಳು ಅಂಚನ್ನು ನುಂಗುತ್ತವೆ. ನೇರವಾಗಿ ಡಿಸ್ಕಿಗೆ ಬರೆಯದೆ ಐಎಸ್‌ಒ ಫೈಲ್ (ಇಡೀ ಡಿಸ್ಕಿನ ಪ್ರತಿರೂಪ) ಮಾಡಿ, ವಿಎಲ್‌ಸಿಯಲ್ಲಿ ತೆರೆದು ನೋಡಿ.

## ಹಂತ 10: ರೈಟ್ ಮಾಡಿ, ಕೊನೆಯ ಹತ್ತು ನಿಮಿಷ ನೋಡಿ

ಎಂಪಿ4 ಫೈಲನ್ನು ಡಿಸ್ಕಿಗೆ ಎಳೆದು ಹಾಕಿದರೆ ಡಿವಿಡಿ ಆಗುವುದಿಲ್ಲ. ಪ್ಲೇಯರು ಹುಡುಕುವುದು ‘ವಿಡಿಯೊ_ಟಿಎಸ್’ ಫೋಲ್ಡರನ್ನು. ಐಎಸ್‌ಒ ಫೈಲನ್ನು ಇಮ್ಗ್‌ಬರ್ನ್‌ನಿಂದ 4ಎಕ್ಸ್ ಅಥವಾ 8ಎಕ್ಸ್ ವೇಗದಲ್ಲಿ ಬರೆದು, ವೆರಿಫೈ ಆಯ್ಕೆಯನ್ನು ಹಾಕಿಯೇ ಇಡಿ. ಆ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಬೇರೆ ಭಾರದ ಕೆಲಸ ಬೇಡ.

ಟಿವಿಯಲ್ಲಿ ಪರೀಕ್ಷಿಸುವಾಗ ಲಕ್ಷಣಗಳನ್ನು ಹೀಗೆ ಓದಿ. ಚಲನೆಯಲ್ಲಿ ಮಾತ್ರ ಚೌಕಗಳು ಕಂಡರೆ ಬಿಟ್‌ರೇಟ್ ಕಡಿಮೆ, ಹಂತ 4ಕ್ಕೆ ಮರಳಿ. ಚಿತ್ರ ಹಿಂದೆ ಮುಂದೆ ನಡುಗಿದರೆ ಫೀಲ್ಡ್ ಕ್ರಮ ತಪ್ಪಿದೆ. ಸಮಾನ ಅಂತರದಲ್ಲಿ ಕುಲುಕಿದರೆ ಫ್ರೇಮ್‌ರೇಟ್ ತಪ್ಪಿದೆ. ಚಿತ್ರ ಸ್ತಬ್ಧವಾಗಿ, ಧ್ವನಿ ತಡವರಿಸಿ, ಮತ್ತೆ ಜಿಗಿದರೆ ಎನ್‌ಕೋಡಿಂಗಿನ ದೋಷವಲ್ಲ. ಡಿಸ್ಕ್ ಸರಿಯಾಗಿ ರೈಟ್ ಆಗಿಲ್ಲ, ಅಥವಾ ಗರಿಷ್ಠ ಬಿಟ್‌ರೇಟ್ ಪ್ಲೇಯರಿಗೆ ಹೆಚ್ಚಾಗಿದೆ.

ಎಲ್ಲರೂ ಮೊದಲ ಐದು ನಿಮಿಷ ನೋಡಿ ತೃಪ್ತರಾಗುತ್ತಾರೆ. ಆದರೆ ಡಿವಿಡಿಯನ್ನು ಒಳಗಿನಿಂದ ಹೊರಗಿನ ಅಂಚಿಗೆ ಬರೆಯಲಾಗುತ್ತದೆ, ಡಿಸ್ಕ್ ಭರ್ತಿಯಾದಾಗ ದೋಷಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೊರ ಅಂಚಿನಲ್ಲಿ. ಆದ್ದರಿಂದ ಕೊನೆಯ ಹತ್ತು ನಿಮಿಷವನ್ನು ನೋಡಿ. ಆ ಭಾಗ ತಡವರಿಸದೆ ಓಡಿದರೆ, ಡಿಸ್ಕಿನ ಮೇಲೆ ಸ್ಟಿಕ್ಕರ್ ಅಂಟಿಸದೆ, ನೀರಿನ ಶಾಯಿಯ ಮೃದು ಪೆನ್ನಿನಿಂದ ನಡುವಿನ ಪಾರದರ್ಶಕ ವೃತ್ತದಲ್ಲಿ ಹೆಸರು ಬರೆದು ಕವರಿಗೆ ಹಾಕಿ.